ಚನ್ನರಾಯಪ್ಪನ ಪಾಲಿನ ಎಣ್ಣೆ

ಶ್ರೀನಿವಾಸಪುರದ ಎಣ್ಣೆ ಮಿಲ್ಲಿನ ಚನ್ನರಾಯಪ್ಪನಿಗೆ ಮೂಗಿನಲ್ಲಿ ರಕ್ತ ಸುರಿದದ್ದು ಎಂಬತ್ತೆರಡನೇ ಇಸವಿಯ ಚಳಿಗಾಲದಲ್ಲಿ. ಮಿಲ್ಲಿನ ಬಾಗಿಲಲ್ಲಿ ನಿಂತು, ಹಸುವಿಗೆ ಹಿಂಡಿ ಕೊಳ್ಳಲು ಬಂದಿದ್ದವನೊಬ್ಬನ ಜೊತೆ ವಾದ ಮಾಡುತ್ತಿದ್ದ. ರಕ್ತ ಕಂಡ ಕೂಡಲೇ ಆ ಮನುಷ್ಯ ತಾನು ಕೈ ಎತ್ತಿಲ್ಲವೆಂದು ಸುತ್ತ ಇದ್ದವರಿಗೆಲ್ಲ ಆಣೆ ಮಾಡಿ ಹೇಳಿದ. ನಿಜವಾಗಿಯೂ ಎತ್ತಿರಲಿಲ್ಲ. ತಲೆಗೆ ತಣ್ಣೀರು ತಟ್ಟಿದರು, ಈರುಳ್ಳಿ ಮೂಸಿಸಿದರು. ರಕ್ತ ತನ್ನ ಪಾಡಿಗೆ ತಾನು ಸುರಿಯುತ್ತಿತ್ತು. ಕೊನೆಗೆ ಹೆಂಡತಿ ವೆಂಕಟರತ್ನಮ್ಮ ಹಳೆಯ ಪಂಚೆಯೊಂದನ್ನು ಮೂಗಿಗೆ ಒತ್ತಿಸಿ, ಗಂಡನನ್ನು ಕೋಲಾರದ ಬಸ್ಸು ಹತ್ತಿಸಿದಳು.

ಕೋಲಾರದ ಡಾಕ್ಟರ್ ಕದಿರೇಶ ಕೆ.ಜಿ.ಎಫ್. ಕಡೆಯವರು. ಮೂವತ್ತೈದು ದಾಟಿದ್ದರೂ ಮುಖ ನೋಡಿದರೆ ಕಾಲೇಜು ಹುಡುಗನ ಹಾಗಿದ್ದರು. ಅವರು ಚನ್ನರಾಯಪ್ಪನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಪಾದರಸ ನೋಡಿದರು. ಇನ್ನೊಂದು ತೋಳಿಗೂ ಸುತ್ತಿದರು. ಅಲ್ಲೂ ಅಷ್ಟೇ ಇತ್ತು, ಇನ್ನೂರರ ಮೇಲೆ. ಮೂಗಿನಲ್ಲಿ ಒಡೆದದ್ದು ಪುಣ್ಯ, ಇದೇ ತಲೆಯೊಳಗೆ ಒಡೆದಿದ್ದರೆ ಇವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬರುವ ಹಾಗಿರಲಿಲ್ಲ ಎಂದು ವೆಂಕಟರತ್ನಮ್ಮನಿಗೆ ಹೇಳಿ, ಊಟದಲ್ಲಿ ಏನೇನು ತಿನ್ನುತ್ತೀರಿ ಎಂದು ಕೇಳಿದರು.

ಚನ್ನರಾಯಪ್ಪ ಆ ಪ್ರಶ್ನೆಗೆ ಸಂತೋಷದಿಂದಲೇ ಉತ್ತರ ಕೊಟ್ಟ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಒಂದು ಚಿಕ್ಕ ಲೋಟ ಹಸಿ ಕಡ್ಲೆಕಾಯಿ ಎಣ್ಣೆ. ಇದು ಎತ್ತಿನ ಗಾಣ ಆಡಿಸುತ್ತಿದ್ದ ಅಪ್ಪನ ಕಾಲದಿಂದ ಬಂದ ಅಭ್ಯಾಸ. ಮಧ್ಯಾಹ್ನ ಮುದ್ದೆ, ಮುದ್ದೆಯ ನೆತ್ತಿಯಲ್ಲಿ ಗುಳಿ, ಗುಳಿಯಲ್ಲಿ ಎಣ್ಣೆ. ಸಾರಿನ ಮೇಲೆ ಒಂದು ಬೆರಳು ದಪ್ಪ ಎಣ್ಣೆ ತೇಲದಿದ್ದರೆ ಅದು ಸಾರಲ್ಲ, ಬಿಸಿನೀರು. ಸಂಜೆ ಮಿಲ್ಲಿಗೆ ಬೋಂಡ, ಹಬ್ಬ ಬಂದರೆ ವನಸ್ಪತಿ ಸುರಿದು ಬೇಯಿಸಿದ ಒಬ್ಬಟ್ಟು. ಮೂರು ಹೊತ್ತೂ ಉಪ್ಪಿನಕಾಯಿ. ಬೀಡಿ ಇಲ್ಲದೆ ಇವ್ಯಾವುದೂ ಜೀರ್ಣವಾಗುವುದಿಲ್ಲ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

ಆಮೇಲೆ ಅವರು ಹೇಳಿದ್ದು ಇಷ್ಟು. ದಿನಾ ತಪ್ಪದೆ ಮಾತ್ರೆ ನುಂಗಬೇಕು. ಉಪ್ಪು ಅರ್ಧಕ್ಕಿಳಿಸಬೇಕು, ಉಪ್ಪಿನಕಾಯಿ ಬಿಡಬೇಕು, ಬೀಡಿ ಬಿಡಬೇಕು, ವನಸ್ಪತಿ ಮನೆಗೆ ತರಬಾರದು. ಎಣ್ಣೆಯನ್ನು ತೀರಾ ಕಡಿಮೆ ಮಾಡಬೇಕು. ಹಾಕುವ ಆ ಸ್ವಲ್ಪಕ್ಕೂ ಬಿಜಾಪುರದ ಕಡೆಯವರು ಬಳಸುವ ಕುಸುಬೆ ಎಣ್ಣೆ ತಂದುಕೊಂಡರೆ ಎದೆಗೆ ಇನ್ನೂ ಒಳ್ಳೆಯದು, ಈಗ ಬೆಂಗಳೂರಿನಲ್ಲಿ ಸಿಗುತ್ತದೆ.

ವಾಪಸು ಬರುವ ಬಸ್ಸಿನಲ್ಲಿ ಚನ್ನರಾಯಪ್ಪ ಹೆಂಡತಿಯ ಕಡೆ ತಿರುಗಿದ. ಮೂಗಿನಲ್ಲಿ ಹತ್ತಿ ತುರುಕಿದ್ದರಿಂದ ಮಾತು ಗುಂಯ್‌ಗುಡುತ್ತಿತ್ತು.

"ಆ ಹುಡುಗ ಏನ್ ಹೇಳ್ದ ಗೊತ್ತಾಯ್ತೇನೇ? ಮಿಲ್ಲಿಗೆ ಬೀಗ ಹಾಕು ಅಂದ."

ವೆಂಕಟರತ್ನಮ್ಮನಿಗೆ ಅವರು ಹೇಳಿದ್ದು ಬೇರೆ ಏನೋ ಅನ್ನಿಸಿತ್ತು. ಆದರೆ ಮೂಗಿನಲ್ಲಿ ಹತ್ತಿ ಇಟ್ಟುಕೊಂಡವರ ಜೊತೆ ವಾದ ಬೇಡವೆಂದು ಸುಮ್ಮನಾದಳು.

ಮಾತ್ರೆಗೆ ಚನ್ನರಾಯಪ್ಪನ ತಕರಾರಿರಲಿಲ್ಲ. ಅವನು ಮಾತ್ರೆ ತಯಾರಿಸುವವನಲ್ಲ, ಹಾಗಾಗಿ ಮಾತ್ರೆಯಿಂದ ಅವನಿಗೆ ಅವಮಾನವಿಲ್ಲ. ಕೊಟ್ಟರೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬೀಡಿಯನ್ನೂ ಉಪ್ಪಿನಕಾಯಿಯನ್ನೂ, ಮೂಗಿನ ರಕ್ತ ನೋಡಿದ ಹೆದರಿಕೆಗೆ, ಬಿಟ್ಟ. ಬಗೆಹರಿಯದೆ ಉಳಿದದ್ದು ಎಣ್ಣೆ. ಮೂರು ಹೋಬಳಿಗೆ ಎಣ್ಣೆ ಕೊಡುವ ಮನೆಯಲ್ಲಿ ಇನ್ನೊಬ್ಬರ ಎಣ್ಣೆ ಕಾಸಿದರೆ ತಾನು ತಲೆ ಎತ್ತಿಕೊಂಡು ಅಂಗಡಿ ಬೀದಿಯಲ್ಲಿ ಓಡಾಡುವುದು ಹೇಗೆ ಎಂದ. ಬೆಳಗಿನ ಹಸಿ ಎಣ್ಣೆಯನ್ನು ನಿಲ್ಲಿಸಲು, ಸಾರಿನ ಮೇಲೆ ತೇಲುವುದನ್ನು ಸ್ವಲ್ಪ ಇಳಿಸಲು ಮಾತ್ರ, ಹೆಂಡತಿ ಅತ್ತದ್ದಕ್ಕೆ, ಸದ್ಯಕ್ಕೆ ಒಪ್ಪಿದ.

ವೆಂಕಟರತ್ನಮ್ಮ ಅತ್ತದ್ದು ಅವತ್ತೊಂದು ದಿನ. ಮಾರನೆಯ ವಾರ ಮಾಲೂರಿನಲ್ಲಿದ್ದ ಮಗಳು ಶ್ಯಾಮಲಮ್ಮನನ್ನು ನೋಡಿ ಬರುತ್ತೇನೆಂದು ಹೊರಟಳು. ಅಳಿಯ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ಕೆಲಸ ಮಾಡುವವನು. ಅವನು ಒಂದು ತಗಡಿನ ಡಬ್ಬ ಕುಸುಬೆ ಎಣ್ಣೆ ತಂದುಕೊಟ್ಟ. ಅದನ್ನು ಚೀಲದ ತಳದಲ್ಲಿಟ್ಟು, ಮೇಲೆ ಸೊಪ್ಪು ಹರಡಿ, ಆಕೆ ಮನೆಗೆ ತಂದಳು. ಅವತ್ತಿನಿಂದ ತಿಂಗಳಿಗೊಮ್ಮೆ ಮಗಳ ಮೇಲೆ ಪ್ರೀತಿ ಉಕ್ಕತೊಡಗಿತು. ಚನ್ನರಾಯಪ್ಪನಿಗೆ ಇದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. ಹೆಣ್ಣು ಹೆತ್ತವರು ಹಾಗೆಯೇ ಎಂದುಕೊಂಡ.

ಕಷ್ಟವಿದ್ದದ್ದು ವಾಸನೆಯಲ್ಲಿ. ಚನ್ನರಾಯಪ್ಪ ಕಣ್ಣು ಮುಚ್ಚಿಕೊಂಡು ಎಣ್ಣೆ ಮೂಸಿ, ಬೀಜ ಚಿಂತಾಮಣಿ ಕಡೆಯದೋ ಮುಳಬಾಗಿಲು ಕಡೆಯದೋ ಹೇಳಬಲ್ಲ ಮನುಷ್ಯ. ಕುಸುಬೆ ಎಣ್ಣೆಗೆ ಹೇಳಿಕೊಳ್ಳುವಂಥ ವಾಸನೆಯೇ ಇರಲಿಲ್ಲ. ವೆಂಕಟರತ್ನಮ್ಮ ಎರಡು ದಿನ ಯೋಚನೆ ಮಾಡಿದಳು. ಆಮೇಲೆ ಅಡುಗೆಯನ್ನೆಲ್ಲ ಕುಸುಬೆಯಲ್ಲಿ, ಅದೂ ದೂರದಿಂದ ಹೊತ್ತು ತಂದದ್ದೆಂದು ಕೈ ಬಿಗಿಹಿಡಿದು, ಮಾಡತೊಡಗಿದಳು. ಬೆಳ್ಳುಳ್ಳಿ ಜಾಸ್ತಿ ಹಾಕಿದಳು, ಉಪ್ಪು ಕಡಿಮೆಯಾದದ್ದು ಗೊತ್ತಾಗದಿರಲೆಂದು ಹುಣಸೆಹಣ್ಣು ಹಿಂಡಿದಳು. ಕೊನೆಗೆ ತಟ್ಟೆ ಮುಂದಿಡುವಾಗ ಬಿಸಿ ಮುದ್ದೆಯ ಮೇಲೆ ಮಿಲ್ಲಿನ ಎಣ್ಣೆ ನಾಲ್ಕು ತೊಟ್ಟು ಬಿಟ್ಟಳು. ಘಮ್ಮೆಂದಿತು. ಚನ್ನರಾಯಪ್ಪ ಮೂಗರಳಿಸಿ, ತೃಪ್ತನಾಗಿ, ಉಂಡು ಎದ್ದ.

"ನಮ್ಮ ಎಣ್ಣೆ ರುಚಿ ಯಾವುದಕ್ಕೂ ಬರಲ್ಲ ಕಣೇ" ಎಂದ.

ಇನ್ನು ಮಿಲ್ಲಿನಿಂದ ಪ್ರತಿ ತಿಂಗಳು ಮನೆಗೆ ಬರುತ್ತಿದ್ದ ಎಣ್ಣೆಯ ಮಾತು. ಆ ಡಬ್ಬ ಖಾಲಿಯಾಗದಿದ್ದರೆ ಗುಟ್ಟು ಹೊರಬೀಳುತ್ತಿತ್ತು, ಯಾಕೆಂದರೆ ಚನ್ನರಾಯಪ್ಪ ಅಡುಗೆಮನೆಗೆ ಬಂದಾಗಲೆಲ್ಲ ಡಬ್ಬದ ಕಿವಿಗೆ ಬೆರಳು ಹಾಕಿ ಎತ್ತಿ ನೋಡುವವನು. ವೆಂಕಟರತ್ನಮ್ಮ ಮೊದಲು ಆಂಜನೇಯನ ಗುಡಿಗೆ ಕೊಟ್ಟಳು. ಗುಡಿಯಲ್ಲಿ ದೀಪಗಳು ಹೆಚ್ಚಾದವು, ಪೂಜಾರಿ ಚನ್ನರಾಯಪ್ಪನನ್ನು ಬೀದಿಯಲ್ಲಿ ನಿಲ್ಲಿಸಿ ಅವನ ಭಕ್ತಿಯನ್ನು ಹೊಗಳಿದ. ಚನ್ನರಾಯಪ್ಪ ಯಾವ ಭಕ್ತಿ ಎಂದು ಮನೆಗೆ ಬಂದು ಕೇಳಿದ. ಗುಡಿಗೆ ಕೊಡುವುದು ಅಪಾಯವೆಂದು ಗೊತ್ತಾಯಿತು.

ಆಗ ನೆನಪಾದವಳು ಆಂಜಿನಮ್ಮ. ಯಲ್ದೂರಿನ ಮಾವಿನ ತೋಟದ ಪೆದ್ದಪ್ಪನ ಹೆಂಡತಿ. ಪೆದ್ದಪ್ಪ ಎಂಬುದು ಅವನ ಹೆಸರೇ. ಆ ಕಡೆ ತೆಲುಗಿನಲ್ಲಿ ದೊಡ್ಡಪ್ಪನಿಗೂ ಹಾಗೇ ಅನ್ನುವುದರಿಂದ ಚಿಕ್ಕಂದಿನಿಂದ ಊರಿಗೆಲ್ಲ ದೊಡ್ಡಪ್ಪನಾಗಿದ್ದ. ಚನ್ನರಾಯಪ್ಪ, ಪೆದ್ದಪ್ಪ ಇಬ್ಬರೂ ಒಂದೇ ಸ್ಕೂಲಿನಲ್ಲಿ ಒಂದೇ ಬೆತ್ತದ ರುಚಿ ಕಂಡವರು. ಆಂಜಿನಮ್ಮ ಸಂತೆಗೆ ಬಂದವಳು ವೆಂಕಟರತ್ನಮ್ಮನ ಮನೆಯಲ್ಲಿ ಕುಳಿತು ಕಾಫಿ ಕುಡಿದೇ ಹೋಗುವುದು. ಒಂದು ಸಂತೆಯ ದಿನ ವೆಂಕಟರತ್ನಮ್ಮ, ನಮ್ಮ ಮನೆಯಲ್ಲಿ ಇಬ್ಬರೇ, ಅಷ್ಟೊಂದು ಎಣ್ಣೆ ಖರ್ಚಾಗಲ್ಲ ಎಂದು ಒಂದು ಡಬ್ಬ ಕೈಗಿಟ್ಟಳು. ಆಂಜಿನಮ್ಮ ಬೇಡಬೇಡವೆಂದು ತೆಗೆದುಕೊಂಡಳು. ಅಲ್ಲಿಂದ ಅದು ವಾಡಿಕೆಯಾಯಿತು. ಯಲ್ದೂರಿನ ಆ ಮನೆಯಲ್ಲಿ ವಡೆ, ಚಕ್ಕುಲಿ, ಕರಿದ ಹಪ್ಪಳ ಎಲ್ಲ ಹೆಚ್ಚಿದವು. ಬಿಟ್ಟಿ ಬಂದ ಎಣ್ಣೆಯನ್ನು ಅಳೆದು ಹಾಕುವವರು ಯಾರು? ಪೆದ್ದಪ್ಪನಿಗೂ ಬಿ.ಪಿ. ಇದೆ, ಅವನೂ ಅದೇ ಕದಿರೇಶ ಡಾಕ್ಟರ ಹತ್ತಿರ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ ಎಂಬುದು ವೆಂಕಟರತ್ನಮ್ಮನಿಗೆ ಗೊತ್ತಿತ್ತು. ಆದರೆ ಆಕೆಯ ತಲೆಯಲ್ಲಿ ಆಗ ತನ್ನ ಗಂಡನ ರಕ್ತ ಮಾತ್ರ ಓಡುತ್ತಿತ್ತು.

ಯುಗಾದಿ ಕಳೆದ ಮೇಲೆ ಗಂಡಹೆಂಡಿರು ಮತ್ತೆ ಕೋಲಾರಕ್ಕೆ ಹೋದರು. ಡಾಕ್ಟರು ಪಟ್ಟಿ ಸುತ್ತಿ ನೋಡಿ, ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿ, ನೂರ ನಲವತ್ತಕ್ಕಿಳಿದಿದೆ, ತೂಕವೂ ಇಳಿದಿದೆ ಎಂದು ಖುಷಿಪಟ್ಟರು. ಕುಸುಬೆ ಎಣ್ಣೆ ಬಳಸಿದಿರಲ್ಲವೇ ಎಂದರು. ಚನ್ನರಾಯಪ್ಪ ಈ ಗಳಿಗೆಗೆಂದೇ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

"ನಮ್ಮ ಮಿಲ್ಲಿನ ಎಣ್ಣೆ ಬಿಟ್ಟು ಬೇರೆ ಒಂದು ತೊಟ್ಟು ನನ್ನ ಗಂಟಲಲ್ಲಿ ಇಳಿದಿಲ್ಲ ಡಾಕ್ಟ್ರೇ. ಬೇಕಾದ್ರೆ ಇವಳನ್ನ ಕೇಳಿ."

ಡಾಕ್ಟರು ವೆಂಕಟರತ್ನಮ್ಮನ ಕಡೆ ತಿರುಗಿದರು. ಆಕೆ ಸೆರಗು ಸರಿಮಾಡಿಕೊಂಡು, ಮನೇಲಿರೋ ಎಣ್ಣೇನೇ ಎಂದಳು. ಮಾತು ಸುಳ್ಳಾಗಿರಲಿಲ್ಲ. ಡಾಕ್ಟರು ತಲೆ ಕೆರೆದುಕೊಂಡು, ಹೇಗೋ ಇಳಿದಿದೆ, ಏನು ಮಾಡುತ್ತಿದ್ದೀರೋ ಹಾಗೇ ಮುಂದುವರಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದರು. ಚನ್ನರಾಯಪ್ಪ ಈ ಮಾತಿನಲ್ಲಿ ಮುಂದುವರಿಸಿ ಎನ್ನುವವರೆಗೆ ಕೇಳಿಸಿಕೊಂಡು ಎದ್ದು ನಿಂತ.

ಆ ವಾರವೇ ಮಿಲ್ಲಿನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ 'ನಮ್ಮಲ್ಲಿ ಬಿ.ಪಿ.ಗೆ ಉತ್ತಮವಾದ ಶುದ್ಧ ಕಡ್ಲೆಕಾಯಿ ಎಣ್ಣೆ ದೊರೆಯುತ್ತದೆ' ಎಂದು ಬರೆಸಿದ. ಕೊಳ್ಳಲು ಬಂದವರಿಗೆಲ್ಲ ತೋಳು ಚಾಚಿ ತೋರಿಸಿ ತನ್ನ ಕಥೆ ಹೇಳಿದ. ಮಿಲ್ಲಿಗೆ ಹೊಂದಿಕೊಂಡಿದ್ದ ಮನೆಯೊಳಗೆ ಕುಳಿತು ಕೇಳಿಸಿಕೊಳ್ಳುತ್ತಿದ್ದ ವೆಂಕಟರತ್ನಮ್ಮನಿಗೆ ಮೊದಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಬಿ.ಪಿ. ಇದ್ದವರು ಬಿ.ಪಿ. ಇಲ್ಲದವರು ಎಲ್ಲ ಬಂದು ಎಣ್ಣೆ ಹಿಡಿಸಿಕೊಂಡು ಹೋಗುತ್ತಿದ್ದರು. ಹೇಳಿಬಿಡಬೇಕೆಂದು ಆಕೆಗೆ ಎಷ್ಟೋ ಸಲ ಅನ್ನಿಸಿತು. ಆದರೆ ಹೇಳಿದರೆ ಅವನು ಕುಸುಬೆ ಬಿಟ್ಟು ಮತ್ತೆ ಲೋಟ ಹಿಡಿಯುತ್ತಾನೆ, ಮತ್ತೆ ಮೂಗಿಗೆ ಪಂಚೆ ಒತ್ತಬೇಕಾಗುತ್ತದೆ. ಸುಮ್ಮನಿದ್ದಳು.

ಚನ್ನರಾಯಪ್ಪನ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಪೆದ್ದಪ್ಪ. ಮಾವು ಕೊಯ್ಲಿಗೆ ಮೊದಲು ಮಿಲ್ಲಿಗೆ ಬಂದು ಕುಳಿತಿದ್ದಾಗ, ದಿನಾ ಮಾತ್ರೆ ನುಂಗಿ ನುಂಗಿ ಬಾಯಿ ಕಹಿಯಾಗಿದೆ ಎಂದ. ಬಿಸಾಕು ಎಂದ ಚನ್ನರಾಯಪ್ಪ. ತಾನು ಏನೋ ಹೆಂಡತಿ ಕೊಡುತ್ತಾಳೆಂದು ನುಂಗುತ್ತೇನೆ, ಕೆಲಸ ಮಾಡುತ್ತಿರುವುದು ಎಣ್ಣೆ ಎಂದ. ಪೆದ್ದಪ್ಪ ಮಾತ್ರೆ ಬಿಟ್ಟ. ಬಿಟ್ಟದ್ದಲ್ಲದೆ, ಸ್ನೇಹಿತನ ಹಳೆಯ ಅಭ್ಯಾಸವನ್ನು ತಾನು ಹಿಡಿದು, ಬೆಳಿಗ್ಗೆ ಎದ್ದು ಒಂದು ಲೋಟ ಹಸಿ ಎಣ್ಣೆ ಕುಡಿಯತೊಡಗಿದ.

ಜೂನ್ ತಿಂಗಳು. ಶ್ರೀನಿವಾಸಪುರದ ಮಂಡಿಯಲ್ಲಿ ಲಾರಿಗಟ್ಟಲೆ ಮಾವು ಬಿದ್ದಿತ್ತು. ಪೆದ್ದಪ್ಪ ತನ್ನ ಕಾಯಿಯ ರಾಶಿಯ ಪಕ್ಕ ನಿಂತು ದಲ್ಲಾಳಿಯ ಜೊತೆ ಮಾತಾಡುತ್ತಿದ್ದವನು, ಎಡಗೈ ಹಿಡಿದುಕೊಂಡು, ಯಾಕೋ ಎದೆ ಹಿಂಡಿದ ಹಾಗೆ ಆಗುತ್ತಿದೆ ಎಂದು ರಾಶಿಯ ಮೇಲೆಯೇ ಕುಳಿತ. ಮುಖವೆಲ್ಲ ಬೆವರಿತ್ತು. ಮಂಡಿಯವರು ಅವನನ್ನು, ಅರ್ಧ ತುಂಬಿದ್ದ ಮಾವಿನ ಲಾರಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ, ಕೋಲಾರಕ್ಕೆ ಸಾಗಿಸಿದರು. ಸುದ್ದಿ ಮುಟ್ಟಿ ಚನ್ನರಾಯಪ್ಪ, ವೆಂಕಟರತ್ನಮ್ಮ ಬಸ್ಸು ಹಿಡಿದು ಆಸ್ಪತ್ರೆ ತಲುಪುವ ಹೊತ್ತಿಗೆ ಆಂಜಿನಮ್ಮ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ಕದಿರೇಶ ಡಾಕ್ಟರು ಒಳಗಿದ್ದರು. ಹಾರ್ಟ್ ಅಟ್ಯಾಕ್ ಆಗಿದೆ, ಎರಡು ದಿನ ದಾಟಿದರೆ ಬದುಕುತ್ತಾನೆ ಎಂದಿದ್ದರಂತೆ.

ಡಾಕ್ಟರು ಹೊರಗೆ ಬಂದು ಆಂಜಿನಮ್ಮನನ್ನು ವಿಚಾರಿಸಿದರು. ಆಕೆ ಮುಚ್ಚಿಡಲಿಲ್ಲ. ಮಾತ್ರೆ ನಿಲ್ಲಿಸಿದ್ದು, ಹಸಿ ಎಣ್ಣೆ ಕುಡಿದದ್ದು, ಚನ್ನರಾಯಪ್ಪಣ್ಣ ಹೇಳಿದ್ದು, ಎಲ್ಲ ಹೇಳಿದಳು. ಡಾಕ್ಟರು ಚನ್ನರಾಯಪ್ಪನನ್ನು ನೋಡಿದರು. ಚನ್ನರಾಯಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಒಂದೇ ಮಿಲ್ಲಿನ ಎಣ್ಣೆ, ಒಂದೇ ಬೀಜ. ತನಗೆ ಒಳ್ಳೆಯದು ಮಾಡಿದ್ದು ಅವನಿಗೆ ಕೆಟ್ಟದ್ದು ಮಾಡುವುದು ಹೇಗೆ ಎಂದು ಡಾಕ್ಟರನ್ನೇ ಕೇಳಿದ. ಅವನು ಕೇಳಿದ್ದರಲ್ಲಿ ಮೊಂಡುತನ ಇರಲಿಲ್ಲ, ಭಯ ಇತ್ತು.

ವೆಂಕಟರತ್ನಮ್ಮ ಗೋಡೆಗೆ ಒರಗಿ ನಿಂತಿದ್ದಳು. ಇನ್ನು ಸುಮ್ಮನಿರಲು ಆಗಲಿಲ್ಲ.

"ನೀವು ಅದನ್ನ ತಿಂದೇ ಇಲ್ಲ ರೀ" ಎಂದಳು. "ನಿಮಗೆ ಹಾಕ್ತಿದ್ದಿದ್ದು ಮಾಲೂರಿಂದ ತಂದ ಕುಸುಬೆ. ಪೆದ್ದಪ್ಪಣ್ಣ ತಿಂದಿದ್ದು ನಿಮ್ಮ ಪಾಲಿನ ಎಣ್ಣೆ."

ಆಂಜಿನಮ್ಮ ಒಮ್ಮೆ ಆಕೆಯ ಮುಖ ನೋಡಿ, ಮತ್ತೆ ವಾರ್ಡಿನ ಬಾಗಿಲ ಕಡೆ ತಿರುಗಿದಳು. ಚನ್ನರಾಯಪ್ಪ ಬೆಂಚಿನ ಮೇಲೆ ಕುಳಿತುಕೊಂಡ. ಡಾಕ್ಟರನ್ನು, ಹಾಗಾದರೆ ನಾನು ಊರಿಗೆಲ್ಲ ವಿಷ ಮಾರುತ್ತಿದ್ದೀನಾ ಎಂದು ಕೇಳಿದ.

"ಕಡ್ಲೆಕಾಯಿ ಎಣ್ಣೆ ವಿಷ ಅಂತ ನಾನು ಯಾವತ್ತೂ ಹೇಳಿಲ್ಲ ಯಜಮಾನ್ರೇ" ಎಂದರು ಡಾಕ್ಟರು. "ಒಗ್ಗರಣೆಗೆ ಹಾಕ್ಕೊಳ್ಳಿ, ಲೋಟದಲ್ಲಿ ಕುಡೀಬೇಡಿ. ಕುಸುಬೇನ ಲೋಟದಲ್ಲಿ ಕುಡಿದ್ರೂ ಇದೇ ಬೆಂಚಲ್ಲಿ ಕೂರ್ಬೇಕಾಗುತ್ತೆ. ನಿಮ್ಮ ಬಿ.ಪಿ. ಇಳಿಸಿದ್ದು ಮುಖ್ಯವಾಗಿ ಮಾತ್ರೆ. ಉಪ್ಪು ಇಳಿಸಿದ್ರಿ, ಬೀಡಿ ಬಿಟ್ರಿ, ಮೈ ಇಳೀತು. ಅವರು ಮಾತ್ರೆ ಬಿಟ್ರು."

ಕುಸುಬೆಯಿಂದಲೇ ಇಳಿಯಲಿಲ್ಲವಾ ಎಂದು ವೆಂಕಟರತ್ನಮ್ಮ ಮೆಲ್ಲಗೆ ಕೇಳಿದಳು. ಅದೂ ಸ್ವಲ್ಪ ಸಹಾಯ ಮಾಡಿರಬಹುದು, ನೀವು ಎಣ್ಣೆಯನ್ನೇ ಕೈ ಬಿಗಿಹಿಡಿದು ಹಾಕಿದ್ದು ಅದಕ್ಕಿಂತ ಹೆಚ್ಚು ಸಹಾಯ ಮಾಡಿರುತ್ತೆ ಎಂದರು ಅವರು. ತಿಂಗಳು ತಿಂಗಳು ಹೊತ್ತು ತಂದ ಡಬ್ಬಗಳನ್ನು ನೆನೆಸಿಕೊಂಡು ಆಕೆಗೆ ಸ್ವಲ್ಪ ಬೇಜಾರಾಯಿತು. ಅಂಥ ಹೊತ್ತಿನಲ್ಲಿ ಅದಕ್ಕೆ ಬೇಜಾರಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಪೆದ್ದಪ್ಪ ಎರಡು ದಿನ ದಾಟಿದ. ತಿಂಗಳಾದ ಮೇಲೆ ಯಲ್ದೂರಿಗೆ ಮರಳಿದ. ಮರ ಹತ್ತಬಾರದು, ಭಾರ ಎತ್ತಬಾರದು, ದಲ್ಲಾಳಿಗಳ ಜೊತೆ ಜಗಳವಾಡಬಾರದು ಎಂದಿದ್ದರು. ಮೂರನೆಯದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಚನ್ನರಾಯಪ್ಪ ಹೆಂಡತಿಯನ್ನು ಬೈಯಲಿಲ್ಲ. ಮಾತೂ ಆಡಲಿಲ್ಲ. ತಟ್ಟೆ ಮುಂದೆ ಕೂತು, ಬಡಿಸಿದ್ದನ್ನು ಉಂಡು, ಮಿಲ್ಲಿಗೆ ಹೋಗುತ್ತಿದ್ದ. ಗೋಡೆಯ ಮೇಲಿನ ಕೆಂಪು ಅಕ್ಷರಕ್ಕೆ ತಾನೇ ಸುಣ್ಣ ಬಳಿದ; ಕೆಳಗಿನ ಕೆಂಪು ಕಾಣುತ್ತಿತ್ತು, ಇನ್ನೊಂದು ಸಲ ಬಳಿದ. ಲೋಟದಲ್ಲಿ ಕುಡಿಯಲು ಎಣ್ಣೆ ಕೇಳಿಕೊಂಡು ಬಂದವರಿಗೆ, ಅದು ತಾನು ತಪ್ಪು ತಿಳಿದು ಹೇಳಿದ್ದು, ಬಿ.ಪಿ. ಮಾತ್ರೆ ಯಾರೂ ಬಿಡಬೇಡಿ ಎಂದು ಹೇಳಿ ಕಳಿಸಿದ. ಕೆಲವರು ನಕ್ಕರು. ಅವನು ನಗಲಿ ಬಿಡಿ ಎಂದು ನಿಂತುಕೊಂಡಿದ್ದ. ಒಂದು ಮಧ್ಯಾಹ್ನ ಊಟದ ನಡುವೆ ತಲೆ ಎತ್ತದೆ, ಮಗಳ ಮನೆಯಿಂದ ಅಷ್ಟು ಭಾರ ನೀನೊಬ್ಬಳೇ ಹೊತ್ಕೊಂಡು ಬರ್ತಿದ್ಯಾ ಎಂದ. ಹೂಂ ಎಂದಳು. ಮುಂದಿನ ಸಲ ನಾನೂ ಬರ್ತೀನಿ ಎಂದ. ಮನೆಯಲ್ಲಿ ಅವತ್ತಿನಿಂದ ಮಾತು ಶುರುವಾಯಿತು.

ಆದರೆ ಆಂಜಿನಮ್ಮ ಸಂತೆಗೆ ಬಂದರೂ ಮನೆಗೆ ಬರುವುದನ್ನು ನಿಲ್ಲಿಸಿದ್ದಳು. ಚನ್ನರಾಯಪ್ಪ ಪ್ರತಿ ಭಾನುವಾರ ಯಲ್ದೂರಿಗೆ ಹೋಗಿ, ಸ್ನೇಹಿತನ ಮುಂದೆ ಕುಳಿತು, ಅವನು ಮಾತ್ರೆ ನುಂಗಿ ಬಾಯಿ ತೆರೆದು ತೋರಿಸುವವರೆಗೂ ಏಳುತ್ತಿರಲಿಲ್ಲ. ವೆಂಕಟರತ್ನಮ್ಮನಿಗೆ ಮಾತ್ರ ಹೋಗಲು ಕಾಲು ಬರಲಿಲ್ಲ. ಮಳೆಗಾಲ ಮುಗಿಯಿತು, ರಾಗಿ ಕೊಯ್ಲಾಯಿತು, ಅವರೆಕಾಯಿ ಬಂತು. ಡಿಸೆಂಬರಿನ ಒಂದು ಭಾನುವಾರ ಆಕೆ ಒಂದು ಚೀಲ ಸೊನೆ ಅವರೆಕಾಯಿ ಹಿಡಿದುಕೊಂಡು, ಏನಾದರಾಗಲಿ ಎಂದು ಗಂಡನ ಜೊತೆ ಹೊರಟಳು.

ಆಂಜಿನಮ್ಮ ಹಿತ್ತಲಲ್ಲಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ವೆಂಕಟರತ್ನಮ್ಮ ಮೊರ ತೆಗೆದುಕೊಂಡು ಕಾಯಿ ಸುಲಿಯಲು ಕುಳಿತಳು. ಸ್ವಲ್ಪ ಹೊತ್ತಿಗೆ ಆಂಜಿನಮ್ಮನೂ ಎದುರಿಗೆ ಬಂದು ಕುಳಿತಳು. ಅರ್ಧ ಚೀಲ ಮುಗಿದ ಮೇಲೆ ವೆಂಕಟರತ್ನಮ್ಮ, ಗೊತ್ತಿದ್ದೂ ಆ ಎಣ್ಣೆಯನ್ನು ನಿನ್ನ ಮನೆಗೆ ದಾಟಿಸಿದೆ, ನನ್ನ ಮನೆಯದೊಂದೇ ನೋಡಿಕೊಂಡೆ ಎಂದಳು. ಆಂಜಿನಮ್ಮ ಕಾಯಿಯೊಂದರ ಹುಳ ನೋಡಿ ಪಕ್ಕಕ್ಕೆಸೆದಳು.

"ನೀನು ಕೊಟ್ಟೆ, ನಾನು ಬೇಯ್ಸಿದೆ, ಆ ಮನುಷ್ಯ ತಿಂದ. ನಿನ್ನೊಬ್ಬಳಿಂದ ಆಗೋ ಕೆಲಸ ಅಲ್ಲಕ್ಕ ಅದು."

ಅಷ್ಟು ಹೇಳಿ, ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ವೆಂಕಟರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರೆಕಾಯಿ ಸೊನೆ ಹತ್ತಿದ ಕೈಯಾದ್ದರಿಂದ ಕಣ್ಣು ಇನ್ನಷ್ಟು ಉರಿಯಿತು.

ಮಧ್ಯಾಹ್ನ ಆ ಕಾಳಿನ ಸಿಪ್ಪೆ ಹಿಸುಕಿ ತೆಗೆದು ಹಿತಕಿದ ಬೇಳೆ ಸಾರು ಮಾಡಿದರು. ಮೇಲೆ ಎಣ್ಣೆ ತೇಲದ, ಉಪ್ಪು ಇದ್ದೂ ಇಲ್ಲದಂಥ ಸಾರು. ಗಂಡಸರಿಬ್ಬರೂ ಜಗಲಿಯಲ್ಲಿ ತಟ್ಟೆಯ ಮುಂದೆ ಕುಳಿತು ಅದನ್ನು ಸ್ವಲ್ಪ ಹೊತ್ತು ನೋಡಿದರು. ಪೆದ್ದಪ್ಪ ಮುದ್ದೆ ಮುರಿದು, ಅದ್ದಿ, ನುಂಗಿದ.

"ಏನ್ಲಾ ಚನ್ನ, ಹೆಂಗೈತೆ?"

ಚನ್ನರಾಯಪ್ಪ ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡು ಯೋಚನೆ ಮಾಡಿದ. ಬೇಳೆ ಚೆನ್ನಾಗಿ ಬೆಂದಿದೆ ಎಂದ. ಒಳಗೆ ಹೆಂಗಸರು ಕೇಳಿಸಿಕೊಳ್ಳುತ್ತಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು. ಪೆದ್ದಪ್ಪ ಅಡುಗೆಮನೆಯ ಕಡೆ ತಿರುಗಿ, ಚೆನ್ನಾಗಿದೆ ಅನ್ನುವುದನ್ನೇ ತೆಲುಗಿನಲ್ಲಿ, ಬಾಗುಂದಿ, ಬಾಗುಂದಿ ಎಂದು ಗಟ್ಟಿಯಾಗಿ ಹೇಳಿದ. ಆಂಜಿನಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಬಂದು ಇಬ್ಬರಿಗೂ ಇನ್ನೊಂದು ಸೌಟು ಬಡಿಸಿದಳು.